ಮಾಮುವಿನ ಕ್ರೂಸರಿನಲ್ಲಿ ಕಾಂಬೋಡಿಯಾ

ನಮ್ಮ ಮಾಮು ಪಾಸ್‌ಪೋರ್ಟಿಲ್ಲದೆ ದಿನಕ್ಕೆ ನಾಲ್ಕು ಸಲ ಕಾಂಬೋಡಿಯಾಕ್ಕೆ ಹೋಗಿಬರುತ್ತಿದ್ದರು! ನಂಬುವುದಿಲ್ಲವೇ? ಪಕ್ಕದ ಸೀಟಿನಲ್ಲಿ ಕೂತು ನಾನೂ ಹೋಗಿಬಂದವನು. ಮಾಮು ಎಂದರೆ ನನ್ನ ಅಮ್ಮಿಯ ಅಣ್ಣ. ಗೊಬ್ಬೂರದಿಂದ ಗಾಣಗಾಪುರಕ್ಕೆ ಯಾತ್ರಿಕರನ್ನು ತುಂಬಿಕೊಂಡು ಕ್ರೂಸರ್ ಜೀಪು ಹೊಡೆಯುತ್ತಾರೆ.

ಮೂರು ವರ್ಷದ ಹಿಂದೆ ಸೀಟಿನ ಕೆಳಗೆ ಯಾರದೋ ಪೆನ್‌ಡ್ರೈವ್ ಸಿಕ್ಕಿತು. ನಾವು ನೀವಾಗಿದ್ದರೆ? ಇದ್ದದ್ದನ್ನು ಅಳಿಸಿ ಸಿನಿಮಾ ಹಾಡು ತುಂಬಿಕೊಳ್ಳುತ್ತಿದ್ದೆವು. ಮಾಮು ಹಾಗಲ್ಲ. ಇದನ್ನೇ ದಿನಾ ಹಚ್ಚಿದರೆ ಒಂದಿಲ್ಲೊಂದು ದಿನ ಒಡೆಯರು ಗಾಡಿ ಹತ್ತಿ, "ಅಯ್ಯ, ಇದು ನಂದು!" ಎಂದು ಗುರುತು ಹಿಡಿಯುತ್ತಾರಂತೆ! ಅದರಲ್ಲಿದ್ದದ್ದು ಒಂದೇ ಒಂದು ಸಂಗೀತ, ನಲವತ್ತು ನಿಮಿಷದ್ದು. ನಾನು ಫೋನಿನಲ್ಲಿ ಹುಡುಕಿ ನೋಡಿದೆ; ಈ ರೆಕಾರ್ಡಿಂಗ್ ಎಲ್ಲೂ ಸಿಗಲಿಲ್ಲ, ಅದೇನೆಂದು ಮಾತ್ರ ತಿಳಿಯಿತು. ಕಾಂಬೋಡಿಯಾದ ಮರದ ಪಟ್ಟಿಗಳ ವಾದ್ಯ, ಸುತ್ತಲೂ ಜೋಡಿಸಿದ ಕಂಚಿನ ಗಂಟೆಗಳು, ಜೊತೆಗೆ ಪಾಶ್ಚಾತ್ಯರ ಪಿಟೀಲು, ಚೆಲ್ಲೋ ಎಂಬ ದೊಡ್ಡ ಪಿಟೀಲು. ಈ ಕಾಲದವರೇ ಯಾರೋ ರಚಿಸಿದ್ದು. ಗಂಟೆಗಳ ನಡುವೆ ಚೆಲ್ಲೋ ಮೆಲ್ಲಗೆ ದನಿ ತೆಗೆದಾಗ ನನ್ನ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ!

ಯಾತ್ರಿಕರು ಬಿಡಬೇಕಲ್ಲ?

"ದತ್ತನ ಭಜನಿ ಹಚ್ಚ್ರಿ ಸಾಹೇಬ್ರ. ಇದೇನು, ಭಾಂಡೆ ತಿಕ್ಕಾಕತ್ತಾರೇನು?" ಎಂದಳೊಬ್ಬ ಅಜ್ಜಿ.

"ಭಾಂಡೇನ ಖರೆ. ಆದ್ರ ಸುರ್ ಹಿಡದು ತಿಕ್ಕಾಕತ್ತಾರ ನೋಡಬೇ ಯವ್ವಾ!" ಎಂದರು ಮಾಮು.

ಜೇವರ್ಗಿಯ ನಿವೃತ್ತ ಮೇಷ್ಟ್ರೊಬ್ಬರು, "ಬಂದ್ ಮಾಡ್ರಿ ಇದನ್ನ" ಎಂದು ಗದರಿದರು.

"ಆಗೂದಿಲ್ರಿ ಸರ, ಇದು ಅಮಾನತ್ ಐತಿ."

"ಅಮಾನತ್? ಯಾರನ್ನ ಮಾಡ್ಯಾರ? ಯಾವ ಇಲಾಖೆರಿ?"

ಮೇಷ್ಟ್ರಿಗೆ ಗೊತ್ತಿದ್ದ ಅಮಾನತು ನೌಕರಿಯಿಂದ ಹೊರಗಿಡುವುದು. ಮಾಮುವಿನದು, ಇನ್ನೊಬ್ಬರ ವಸ್ತುವನ್ನು ನಂಬಿಕೆಯಿಂದ ಕಾಯುವುದು. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಗಾಣಗಾಪುರ ಬಂದಿತ್ತು!

ಬರುವುದೂ ಲೆಕ್ಕದ ಪ್ರಕಾರವೇ. ಸಂಗೀತ ಮುಗಿದು ಆ ರೆಕಾರ್ಡಿಂಗಿನಲ್ಲೇ ಇದ್ದ ಸಭಿಕರ ಚಪ್ಪಾಳೆ ಬೀಳುವುದಕ್ಕೂ ಗಾಡಿ ನಿಲ್ಲುವುದಕ್ಕೂ ಸರಿಹೋಗಬೇಕು. ಮಾಮು ಹಿಂದಕ್ಕೆ ತಿರುಗಿ ಸಲಾಂ ಮಾಡುತ್ತಿದ್ದರು, ನುಡಿಸಿದವರು ತಾವೇ ಎಂಬಂತೆ! ಮೊದಮೊದಲು ನಮಾಜು ಮುಗಿಸಿ, ಒಡೆಯರು ಬೇಗ ಸಿಗಲಿ ಎಂದು ದುವಾ ಬೇಡುತ್ತಿದ್ದರು. ಬರಬರುತ್ತಾ ಆ ದುವಾ ನಿಂತೇಹೋಯಿತು. "ಒಡೆಯರು ಸಿಕ್ಕರ ಏನ್ ಮಾಡ್ತೀರಿ ಮಾಮು?" ಎಂದರೆ ಮುಖ ಸಣ್ಣದಾಗುತ್ತಿತ್ತು.

ಹೋದ ತಿಂಗಳು ಸೊಲ್ಲಾಪುರದ ಹೆಂಗಸೊಬ್ಬರು ಹತ್ತಿದರು. ಗಂಟೆಗಳ ನಡುವೆ ಚೆಲ್ಲೋ ದನಿ ತೆಗೆದದ್ದೇ ತಡ, ಹಿಂದಿನಿಂದ ನನ್ನ ಭುಜ ಗಟ್ಟಿಯಾಗಿ ಹಿಡಿದರು.

"ಆ ದೊಡ್ಡ ಪಿಟೀಲು ನುಡಸಾಕತ್ತಾನಲ್ರಿ, ಅಂವಾ ನನ್ನ ಮಗ. ಈಗಿಲ್ರಿ ಅಂವಾ. ಇದಿದ್ದ ಪೆನ್‌ಡ್ರೈವ್ ನಾ ಎಲ್ಲಿ ಕಳಕೊಂಡ್ನೋ ಅಂತ ಹುಡುಕಿ ಹುಡುಕಿ ಸಾಕಾಗಿತ್ತು."

ಅವತ್ತು ಯಾರೂ ಭಜನೆ ಕೇಳಲಿಲ್ಲ. ಚಪ್ಪಾಳೆ ಬಿದ್ದಾಗ ಮಾಮು ಸಲಾಮನ್ನೂ ಮಾಡಲಿಲ್ಲ. ಪೆನ್‌ಡ್ರೈವ್ ಕಿತ್ತು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ತಗೋರಿ ಅಕ್ಕಾ, ನಿಮ್ಮ ಅಮಾನತ್." ಆ ತಾಯಿ ಅದನ್ನು ಕಣ್ಣಿಗೊತ್ತಿಕೊಂಡು ಇಳಿದು ಹೋದರು.

ನನಗೆ ತಡೆಯಲಾಗಲಿಲ್ಲ. "ಮೊಬೈಲ್ ಅಂಗಡ್ಯಾಗ ಎರಡು ನಿಮಿಷದ ಕೆಲಸ ಮಾಮು! ಮೂರು ವರ್ಷದಾಗ ಒಂದು ಕಾಪಿ ಮಾಡಿಸಿ ಇಟ್ಕೋಬಾರದೇನ್ರಿ?"

"ಕಾಯಾಕ ಸಿಕ್ಕಿದ್ದರಾಗ ಚೂರು ತಕ್ಕೊಂಡ್ರೂ ಅದು ಕಳವು ಅಲ್ಲೇನು ಬೇಟಾ?"

ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಮಾಮು ಕೀಲಿಯನ್ನು ನನ್ನ ಕೈಗಿಟ್ಟು ಪಕ್ಕಕ್ಕೆ ಸರಿದು ಕೂತರು.

"ಗಾಡಿ ನೀ ಹೊಡಿ. ನನಗ ಹಾದಿ ಕಾಣವಲ್ದು."