ಡೈನೋಸಾರಿಗೆ ನಾನು ಹೇಳಿದ ಅರ್ಥ

ಅತ್ತೆಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದರಲ್ಲಿ ಅಪಾಯವೇನೂ ಇಲ್ಲ ಎಂದು ನಾನು ಪೂರ್ತಿ ನಂಬಿದ್ದೆ. ಅಪಾಯವೆಲ್ಲ ಪರದೆಯ ಮೇಲಿರುತ್ತದೆ, ನಾವು ಕುರ್ಚಿಯಲ್ಲಿರುತ್ತೇವೆ. ಇಷ್ಟು ಸರಳವಾದ ಲೆಕ್ಕ!

ನಾನು ಕಾಪುವಿನಲ್ಲಿ ಪೈಂಟ್ ಅಂಗಡಿ ಇಟ್ಟುಕೊಂಡವನು. ಹೊಟ್ಟೆಪಾಡಿಗೆ ಪೈಂಟ್, ಆತ್ಮದ ಉದ್ಧಾರಕ್ಕೆ ತಾಳಮದ್ದಳೆ. ತಾಳಮದ್ದಳೆ ಎಂದರೆ ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ನಾವು ಶಾಲು ಹೊದ್ದು ಕೂತು ಅದಕ್ಕೆ ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತೇವೆ. 'ನಾವು' ಎಂದದ್ದು ಸ್ವಲ್ಪ ಹೆಚ್ಚಾಯಿತು. ಸಂಘಕ್ಕೆ ಸೇರಿದಂದಿನಿಂದ ನನಗೆ ಸಿಕ್ಕಿದ್ದು ದೂತನ ಪಾತ್ರ ಮಾತ್ರ. "ಪ್ರಭೂ, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ" ಎನ್ನಬೇಕು, ಮೈಕನ್ನು ಪಕ್ಕದವರಿಗೆ ದಾಟಿಸಬೇಕು. ವರ್ಷಗಳಿಂದ ಶತ್ರುಗಳು ಬರುತ್ತಲೇ ಇದ್ದಾರೆ, ನಾನು ಹೇಳುತ್ತಲೇ ಇದ್ದೇನೆ!

ಹೀಗಿರುವಾಗ ಉಚ್ಚಿಲದಲ್ಲಿ ನಡೆಯಲಿದ್ದ ತಾಳಮದ್ದಳೆ ಕೂಟಕ್ಕೆ ರಾಕ್ಷಸರಾಜನ ಪಾತ್ರ ಖಾಲಿಯಾಯಿತು. ಯಾವಾಗಲೂ ಅದನ್ನು ಹೇಳುತ್ತಿದ್ದವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ದುಬೈಗೆ ಹೋದರು. ನಮ್ಮ ಸಂಘದಲ್ಲಿ ಪಾತ್ರ ಹಂಚುವ ಸದಾಶಿವ ಮಾವ ನನ್ನ ಅತ್ತೆಯ ಸ್ವಂತ ತಮ್ಮ. ಊರಿಗೆಲ್ಲ ಹುಲಿ, ಅಕ್ಕನ ಎದುರು ಬೆಕ್ಕು. ಅತ್ತೆ ಒಂದು ಮಾತು ಹೇಳಿದರೆ ಸಿಂಹಾಸನ ನನ್ನದು. ಆದರೆ ಹೇಳಬೇಕಲ್ಲ! ಕಾರ್ಕಳದ ಸುತ್ತಮುತ್ತ ಆದ ಒಂದು ಯಕ್ಷಗಾನದ ಆಟವನ್ನೂ ಬಿಡದೆ ನೋಡಿ ಬೆಳೆದ ಹೆಂಗಸು ಅವರು. ನನ್ನ ಅರ್ಥಗಾರಿಕೆಯ ಬಗ್ಗೆ ಇದುವರೆಗೆ ಆಡಿದ್ದು ಒಂದೇ ಮಾತು: "ಬೇಗ ಮುಗಿಯುತ್ತದೆ. ಒಳ್ಳೆಯದು."

ಆ ಹೊತ್ತಿಗೆ ಅತ್ತೆ ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿಕೊಂಡು ನಮ್ಮ ಮನೆಯಲ್ಲೇ ಇದ್ದರು. ಮಣಿಪಾಲದಲ್ಲಿ ಕೊನೆಯ ತಪಾಸಣೆ ಮುಗಿಸಿದ ಡಾಕ್ಟರು, "ಇನ್ನು ಟೀವಿ, ಸಿನಿಮಾ ಎಲ್ಲ ನೋಡಬಹುದು ಅಮ್ಮ" ಎಂದರು. ಹೊರಗೆ ಬಂದರೆ ಎದುರಿಗೇ ದೊಡ್ಡ ಪೋಸ್ಟರ್. ಆಟದ ಪಾರ್ಕಿನಲ್ಲಿ ಬೇಲಿ ಮುರಿದು ಓಡಾಡುವ ಡೈನೋಸಾರ್‌ಗಳ ಸಿನಿಮಾ, ಎರಡನೇ ಭಾಗ, ಇಂಗ್ಲಿಷಿನಲ್ಲಿ! ತಕ್ಷಣ ಉಪಾಯ ಹೊಳೆಯಿತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಅರ್ಥ ಹೇಳಲೇಬೇಕು. ಅವರ ಪಕ್ಕದಲ್ಲಿ ಕೂರುವವರು ಯಾರು?

"ನೀವು ಮೊದಲನೇ ಭಾಗ ನೋಡಿದ್ದೀರಾ?" ಎಂದು ಹೆಂಡತಿ ಸುಮತಿ ಮೆಲ್ಲಗೆ ಕೇಳಿದಳು.

"ಅದರಲ್ಲಿ ನೋಡಲಿಕ್ಕೆ ಎಂತ ಉಂಟು? ಡೈನೋಸಾರ್ ತಪ್ಪಿಸಿಕೊಳ್ಳುತ್ತದೆ, ಜನ ಓಡುತ್ತಾರೆ. ಅಷ್ಟೇ ಅಲ್ವಾ ಪ್ರಸಂಗ?"

"ಅಮ್ಮನ ಹತ್ತಿರ ಬುರುಡೆ ಬಿಡ್ಬೇಡಿ ಮಾರಾಯ್ರೆ. ಆಮೇಲೆ ಹೇಳಲಿಲ್ಲ ಅನ್ಬೇಡಿ."

ಹೆಂಡತಿಯ ಮಾತು ಕೇಳಿ ಕೆಟ್ಟವರಿಲ್ಲ. ನಾನು ಕೇಳಲಿಲ್ಲ.

ಟಾಕೀಸಿನ ತುಂಬ ಕಾಲೇಜು ಮಕ್ಕಳು. ನಮ್ಮದು ನಡುವಿನ ಸಾಲು. ನಾನು, ನನ್ನ ಪಕ್ಕ ಕಪ್ಪು ಕನ್ನಡಕದ ಅತ್ತೆ, ಆಚೆ ಸುಮತಿ. ದೀಪ ಆರಿದ ಕೂಡಲೇ ಅತ್ತೆ ನನ್ನ ಕಡೆಗೆ ಬಾಗಿದರು.

"ಅಳಿಯಂದಿರೇ, ಹಿಂದಿನ ಕಥೆ ಎಂತ?"

ನಾನು ಶಾಲು ಸರಿಪಡಿಸಿಕೊಳ್ಳಲು ಹೆಗಲಿಗೆ ಕೈ ಹಾಕಿದೆ. ಶಾಲು ಇರಲಿಲ್ಲ. ಆದರೂ ಪೀಠಿಕೆ ಚೆನ್ನಾಗಿಯೇ ಬಂತು.

"ಒಬ್ಬ ಶ್ರೀಮಂತ ಮುದುಕ ಅತ್ತೆ. ದುಡ್ಡಿನ ಮದದಲ್ಲಿ ಈ ಪಾರ್ಕ್ ಕಟ್ಟಿದ. ಗಂಡು ಡೈನೋಸಾರ್ ಬೇಲಿ ಹಾರಿ ಅವನನ್ನೇ ನುಂಗಿತು. ಜನ ಸೇರಿ ಅದನ್ನು ಕೊಂದರು. ಈಗ ಅದರ ಹೆಂಡತಿ ಸೇಡಿಗೆ ಕಾದು ಕೂತಿದೆ."

"ಹಾಗಾದ್ರೆ ಮುದುಕ ಸತ್ತನಾ?"

"ಪೂರ್ತಿ ಸತ್ತ. ಎಲುಬು ಕೂಡ ಸಿಗಲಿಲ್ಲ."

"ಪಾಪ" ಎಂದರು ಅತ್ತೆ.

ಸಿನಿಮಾ ಶುರುವಾಯಿತು. ಪಾರ್ಕಿನ ಗೇಟು ತೆರೆಯಿತು. ಬಿಳಿ ಗಡ್ಡದ ಮುದುಕನೊಬ್ಬ ಬೆಳ್ಳಿಯ ಹಿಡಿಯಿದ್ದ ಕೋಲು ಊರಿಕೊಂಡು ಗಂಭೀರವಾಗಿ ಒಳಗೆ ಬಂದ. ಹಳೆಯ ಗೆಳೆಯ ಸಿಕ್ಕಿದಂತೆ ಇಡೀ ಟಾಕೀಸು ಶಿಳ್ಳೆ ಹೊಡೆಯಿತು.

"ಇದು ಯಾರು?" ಎಂದರು ಅತ್ತೆ.

"ಸತ್ತ ಮುದುಕನ... ತಮ್ಮ."

"ಆ ಪಾರ್ಕಿನ ಗೋಡೆಯ ಫೋಟೋದಲ್ಲಿರುವುದೂ ಇದೇ ಮುಖ ಅಲ್ವಾ?"

"ಅವಳಿ ಅತ್ತೆ."

"ಕೋಲೂ ಅದೇ?"

"ಅಣ್ಣನದ್ದು. ನೆನಪಿಗೆ ಇಟ್ಟುಕೊಂಡಿದ್ದಾನೆ."

ಅತ್ತೆ "ಹೂಂ" ಎಂದರು. ಆ ಹೂಂಕಾರದಲ್ಲಿ ನನಗೆ ಮೆಚ್ಚುಗೆ ಕೇಳಿಸಿತು. ಎಷ್ಟು ಲೀಲಾಜಾಲವಾಗಿ ಸಂದರ್ಭವನ್ನು ನಿಭಾಯಿಸಿದೆ! ದೊಡ್ಡ ಅರ್ಥಧಾರಿಯ ಲಕ್ಷಣವೇ ಅದು. ಅಲ್ಲಿಂದ ಮುಂದೆ ನನಗೆ ತಡೆಯೇ ಇರಲಿಲ್ಲ. ಪರದೆಯ ಮೇಲಿನವರ ಇಂಗ್ಲಿಷ್ ನನಗೂ ತಿಳಿಯುತ್ತಿರಲಿಲ್ಲ ಎಂಬುದು ನಿಜ. 'ನೋ', 'ರನ್' ಎಂಬ ಎರಡು ಶಬ್ದ ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು. ಆದರೆ ಎರಡು ಸಾಲಿನ ಪದಕ್ಕೆ ಅರ್ಧ ಗಂಟೆ ಅರ್ಥ ಹೇಳುವುದು ನಮ್ಮ ಕಲೆಯ ಹೆಚ್ಚುಗಾರಿಕೆಯಲ್ಲವೇ? 'ನೋ' ಎಂದದ್ದನ್ನು ಹಿಡಿದು ಮಾನವನ ಅಹಂಕಾರ, 'ರನ್' ಎಂದದ್ದನ್ನು ಹಿಡಿದು ಸಂಸಾರದ ನಶ್ವರತೆ, ಎಲ್ಲವನ್ನೂ ವಿಸ್ತರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ, "ಅಂಕಲ್, ಪ್ಲೀಸ್" ಎಂದಳು. ಮುಂದುವರಿಸಿ ಎನ್ನುತ್ತಿದ್ದಾಳೆ ಎಂದು ತಿಳಿದೆ. ಸುಮತಿ ಅತ್ತೆಯ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ತೋಳನ್ನು ಚಿವುಟಿದಳು. ಕಲಾವಿದನಿಗೆ ಅದೆಲ್ಲ ತಾಗುತ್ತದೆಯೇ?

ಆಮೇಲೆ ಆ ದೃಶ್ಯ ಬಂತು.

ಬೇಲಿ ಮುರಿಯಿತು. ಬೆಟ್ಟದಷ್ಟು ದೊಡ್ಡ ಡೈನೋಸಾರ್ ಹೊರಗೆ ಬಂತು. ಜನ ಐಸ್‌ಕ್ರೀಮ್ ಅಂಗಡಿಯ ಮೇಜಿನ ಅಡಿಯಲ್ಲಿ ಅಡಗಿ, ಬಾಯಿಗೆ ಕೈ ಒತ್ತಿ ಕೂತರು. ಡೈನೋಸಾರ್ ಮೂಸುತ್ತಾ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಬಗ್ಗಿತು. ಅಷ್ಟು ಹೊತ್ತು ಎದೆ ನಡುಗಿಸುತ್ತಿದ್ದ ವಾದ್ಯಗಳೆಲ್ಲ ಒಮ್ಮೆಲೇ ನಿಂತವು. ಟಾಕೀಸಿನಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ.

ಇಲ್ಲಿ ಓದುಗರು ನನ್ನ ಕಷ್ಟವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ತಾಳಮದ್ದಳೆಯಲ್ಲಿ ಚೆಂಡೆ ಮದ್ದಳೆ ನಿಂತಿತು ಎಂದರೆ ಅರ್ಥಧಾರಿಯ ಸರದಿ. ಒಂದು ಕ್ಷಣ ತಡವಾದರೂ ಭಾಗವತರು ಕಣ್ಣು ಕೆಂಪು ಮಾಡುತ್ತಾರೆ. ವರ್ಷಗಳ ಅಭ್ಯಾಸ. ವಾದ್ಯ ನಿಂತಿತು, ನನ್ನ ಬಾಯಿ ತೆರೆಯಿತು.

"ಎಲವೋ ಮಾನವಾಧಮರೇ! ನನ್ನ ಪತಿಯನ್ನು ಕೊಂದು ಮೇಜಿನ ಅಡಿಯಲ್ಲಿ ಅಡಗಿದ್ದೀರಾ?"

ಮೈಕ್ ಇರಲಿಲ್ಲ. ಬೇಕಾಗಲೂ ಇಲ್ಲ. ಇಡೀ ಟಾಕೀಸು ಕಿಟಾರನೆ ಕಿರುಚಿತು! ಡೈನೋಸಾರ್ ಬಂದಾಗಲೂ ಯಾರೂ ಹಾಗೆ ಕಿರುಚಿರಲಿಲ್ಲ. ಹಿಂದಿನ ಸಾಲಿನಿಂದ ಪಾಪ್‌ಕಾರ್ನ್ ನನ್ನ ತಲೆಯ ಮೇಲೆ ಅಕ್ಷತೆಯಂತೆ ಬಿತ್ತು, ಅದರ ಬೆನ್ನಿಗೇ ಯಾರದೋ ತಂಪು ಪಾನೀಯ. "ಅಂಕಲ್, ಪ್ಲೀಸ್" ಎಂದಿದ್ದ ಹುಡುಗಿ ಕುರ್ಚಿಯ ಅಡಿಗೆ ಹೋಗಿದ್ದಳು. ಟಾರ್ಚ್ ಹಿಡಿದ ಟಾಕೀಸಿನವನೊಬ್ಬ ಓಡಿ ಬಂದ.

"ಎಂತ ಸರ್ ಇದು? ಯಾರ ಜೊತೆ ಬಂದಿದ್ದೀರಿ?"

ನಾನು ಸುಮತಿಯ ಕಡೆ ನೋಡಿದೆ. ಅವಳ ಕುರ್ಚಿ ಖಾಲಿಯಿತ್ತು. ಯಾವಾಗಲೋ ಎದ್ದು ಬೇರೆ ಸಾಲಿನ ಮೂಲೆಗೆ ಹೋಗಿ ಕೂತಿದ್ದಳು. ಟಾರ್ಚಿನ ಬೆಳಕು ಅತ್ತೆಯ ಕಪ್ಪು ಕನ್ನಡಕಕ್ಕೆ ಬಿತ್ತು.

"ಅಮ್ಮ, ಇವರು ನಿಮ್ಮವರಾ?"

"ನನಗೆ ಕಣ್ಣಿನ ಆಪರೇಶನ್ ಆಗಿದೆ ಮಗ. ಸರಿ ಗುರುತು ಸಿಗುವುದಿಲ್ಲ" ಎಂದರು ಅತ್ತೆ.

ಉಳಿದ ಸಿನಿಮಾವನ್ನು ನಾನು ಹೊರಗೆ, ಪಾಪ್‌ಕಾರ್ನ್ ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತು ಕೇಳಿದೆ. ಗೋಡೆಯಾಚೆ ಡೈನೋಸಾರ್ ಗರ್ಜಿಸುತ್ತಿತ್ತು. ನನ್ನ ಸಹಾಯವಿಲ್ಲದೆ ಅದು ಹೇಗೋ ಸುಧಾರಿಸಿಕೊಂಡಿತು.

ಕಾರಿನಲ್ಲಿ ಮನೆಗೆ ಹೊರಟೆವು. ಉಡುಪಿ ದಾಟಿ ಹೈವೇಗೆ ಬಂದ ಮೇಲೆ ಅತ್ತೆಯೇ ಬಾಯಿ ಬಿಟ್ಟರು.

"ಅಳಿಯಂದಿರೇ, ಆ ಮುದುಕ ಮೊದಲನೇ ಭಾಗದಲ್ಲಿ ಸಾಯುವುದಿಲ್ಲ. ಜೀಪಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಆ ಡೈನೋಸಾರಿಗೆ ಗಂಡ ಗಿಂಡ ಯಾರೂ ಇಲ್ಲ."

"ನಿಮಗೆ ಹೇಗೆ ಗೊತ್ತು?"

"ಟೀವಿಯಲ್ಲಿ ಕನ್ನಡದಲ್ಲೇ ಹಾಕಿದ್ದರಲ್ಲ. ಎರಡು ಸಲ ನೋಡಿದ್ದೇನೆ."

"ಮತ್ತೆ ಹಿಂದಿನ ಕಥೆ ಎಂತ ಅಂತ ನನ್ನನ್ನು ಕೇಳಿದ್ದು ಯಾಕೆ?"

"ನಿಮಗೆ ದೊಡ್ಡ ಪಾತ್ರ ಬೇಕಂತೆ, ಸುಮತಿ ಹೇಳಿದಳು. ಅರ್ಥ ಹೇಳುವವನಿಗೆ ಹಿಂದಿನ ಕಥೆ ಗೊತ್ತುಂಟಾ ಅಂತ ನೋಡುವುದು ಬೇಡವಾ?"

ಕೂಟದಲ್ಲಿ ಹಿರಿಯ ಅರ್ಥಧಾರಿಗಳು ಹೊಸಬರನ್ನು ಕೆಡವುವುದು ಇದೇ ಪ್ರಶ್ನೆಯಿಂದ. ಅಲ್ಲಿ ಕಡೇಪಕ್ಷ ಎದುರಾಳಿ ಯಾರೆಂದು ಗೊತ್ತಿರುತ್ತದೆ! ನಾನು ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡಿದೆ. ಹಿಂದಿನ ಸೀಟಿನಿಂದ ಸುಮತಿ, "ಮಾಡಿದ್ದುಣ್ಣೋ ಮಹಾರಾಯ" ಎಂದಳು.

ಅತ್ತೆ ಅಲ್ಲೇ ತಮ್ಮನಿಗೆ ಫೋನ್ ಮಾಡಿದರು.

"ಸದಾಶಿವಾ, ನಮ್ಮ ಅಳಿಯಂದಿರ ಸ್ವರಕ್ಕೆ ಎಂತದೂ ಹೇಳುವ ಹಾಗಿಲ್ಲ. ಮಣಿಪಾಲದ ಮಕ್ಕಳೆಲ್ಲ ಬೊಬ್ಬೆ ಹೊಡೆದರು." ನನ್ನ ಎದೆ ಉಬ್ಬಿತು. "ಆದರೆ ಬದುಕಿದವರನ್ನು ಸಾಯಿಸುತ್ತಾರೆ, ಇಲ್ಲದ ಗಂಡನನ್ನು ಹುಟ್ಟಿಸುತ್ತಾರೆ. ರಾಕ್ಷಸನನ್ನು ಕೊಟ್ಟರೆ ಕೊನೆಗೆ ದೇವರನ್ನೇ ಕೊಂದು ಮನೆಗೆ ಬರುವವರು. ಇನ್ನು ನಿನ್ನ ಇಷ್ಟ."

ಉಚ್ಚಿಲದ ಕೂಟದಲ್ಲಿ ರಾಕ್ಷಸರಾಜ ಬೇರೆಯವರ ಪಾಲಾದ. ದೂತನೂ ಬೇರೆಯವರ ಪಾಲಾದ. ನನ್ನ ಸ್ವರವನ್ನು ವ್ಯರ್ಥ ಮಾಡಬಾರದೆಂದು ಸದಾಶಿವ ಮಾವ ನನಗೆ ಧನ್ಯವಾದ ಸಮರ್ಪಣೆ ಕೊಟ್ಟರು. ಮಂಗಳ ಹಾಡಿ ಮುಗಿದು, ಜನ ಚಾಪೆ ಕೊಡವಿ ಎದ್ದ ಮೇಲೆ ಮಾತಾಡುವ ಪಾತ್ರವದು! ನಾನು ಎದ್ದು ನಿಂತಾಗ ಮೈಕಿನವನು ವಯರ್ ಸುತ್ತುತ್ತಿದ್ದ. ಕುರ್ಚಿಗಳೂ ಒಂದೊಂದಾಗಿ ಖಾಲಿಯಾದವು, ಎಲ್ಲರೂ ಚಾ ಕುಡಿಯಲು ಹೊರಗೆ ಹೋದರು.

ಅತ್ತೆ ಮಾತ್ರ ಏಳಲಿಲ್ಲ. ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನಗಾಗಿ ಕೂತು ಕೇಳಿದವರು ಇವರೊಬ್ಬರೇ! ಆ ಸಂತೋಷದಲ್ಲಿ ಶಾಮಿಯಾನದವರಿಗೆ, ಚಾಪೆ ಹಾಸಿದವರಿಗೆ, ಬರಲಾಗದಿದ್ದವರಿಗೂ ವಿಸ್ತಾರವಾಗಿ ಧನ್ಯವಾದ ಹೇಳಿದೆ. ಕೊನೆಗೆ ಕೈಮುಗಿದು ಅತ್ತೆಯ ಹತ್ತಿರ ಹೋಗಿ, "ಹೇಗಾಯಿತು ಅತ್ತೆ?" ಎಂದು ಕೇಳಿದೆ.

"ಮುಗಿಯಿತಾ ಅಳಿಯಂದಿರೇ?" ಎಂದರು ಅತ್ತೆ, ಏಳುತ್ತಾ. "ಕಾರಿನ ಕೀ ನಿಮ್ಮ ಹತ್ತಿರ ಅಲ್ವಾ ಇರುವುದು."