ತಲೆ ಪರದೇಶಿ, ಬಾಲ ಸ್ವದೇಶಿ

ಮಗಳು ಮಾತಾಡುತ್ತಿಲ್ಲ ಎಂಬುದು ನಾರ್ವೆಯ ಸುನ್ನಿವಾಳ ಅರ್ಧ ಚಿಂತೆ. ಮಾತಾಡಿದರೆ ಎಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟಾಳೋ ಎಂಬುದು ಇನ್ನರ್ಧ. ಒಂದೂವರೆ ವರ್ಷದ ಓಸ್ನೆ ಬಾಯಿ ತೆರೆಯುವುದು ಕಂದು ಚೀಸಿಟ್ಟ ಬ್ರೆಡ್ಡು ಕಂಡಾಗ ಮಾತ್ರ. ಕೆಳಮನೆಯ ವಿಬೆಕೆಯ ಮಗನೋ, ಇವಳಿಗಿಂತ ಚಿಕ್ಕವನು, ಮರಳಿನಲ್ಲಿ ಬಕೆಟ್ಟು ಮಗುಚಿಕೊಂಡರೆ ಸಾಕು, "ಓ ಮೈ ಗಾಡ್!" ಎನ್ನುತ್ತಾನೆ. ಸುತ್ತ ಕೂತ ತಾಯಂದಿರೆಲ್ಲ ನಗುತ್ತಾರೆ. ಸುನ್ನಿವಾ ಮಾತ್ರ ಮಗಳನ್ನು ಎತ್ತಿಕೊಂಡು ಆಚೆ ತುದಿಗೆ ಹೋಗಿ ಕೂರುತ್ತಾಳೆ.

ಅವಳ ಹೊಟ್ಟೆಪಾಡೇ ಇಂಗ್ಲಿಷನ್ನು ಓಡಿಸುವುದು. ಒಲೆ, ಇಸ್ತ್ರಿಪೆಟ್ಟಿಗೆ, ಹಿಮ ತಳ್ಳುವ ಯಂತ್ರಗಳ ಇಂಗ್ಲಿಷ್ ಕೈಪಿಡಿಗಳನ್ನು ನಾರ್ವೇಜಿಯನ್ನಿಗೆ ತರುವುದು. ಇಂಗ್ಲಿಷ್ ಪದದ ಕೊನೆಗೆ 'ಲೆಸ್' ಎಂಬ ಬಾಲ ಕಂಡಲ್ಲಿ ಕತ್ತರಿಸಿ ನಾರ್ವೆಯ 'ಲೋಸ್' ಅಂಟಿಸಬೇಕು; 'ಶಿಪ್' ಕಂಡಲ್ಲಿ 'ಸ್ಕಾಪ್'. ದಿನವಿಡೀ ಹೀಗೆ ಪರಭಾಷೆಯ ಬಾಲ ಕತ್ತರಿಸುವವಳ ಸ್ವಂತ ಮಗಳು ಇಂಗ್ಲಿಷಿನಲ್ಲೇ ಬಾಯಿ ತೆರೆದರೆ, ಅಗಸನ ಮನೆಯವರೇ ಕೊಳೆಬಟ್ಟೆ ಉಟ್ಟಂತೆ ಆಗುವುದಿಲ್ಲವೇ?

ಒಂದು ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಅವಳು ರಾಜಶಾಸನ ಹೊರಡಿಸಿದಳು.

"ಇವತ್ತಿಂದ ಈ ಮನೇಲಿ ಒಂದು ಇಂಗ್ಲಿಷ್ ಪದಾನೂ ಕೇಳಿಸಬಾರದು. ಯಾರ ಬಾಯಿಂದ ಬರುತ್ತೋ, ಮುಂದಿನ ಡೈಪರ್ ಅವರದು."

"ಓಕೆ," ಎಂದ ಗಂಡ ತೊರ್ಲೈಫ್.

"ಅದೂ ಇಂಗ್ಲಿಷೇ. ಏಳು!"

ತೊರ್ಲೈಫ್ ಎದ್ದ. (ಡೈಪರಿಗೆ ನಾರ್ವೆಯಲ್ಲಿ ಅಪ್ಪಟ ಸ್ವದೇಶಿ ಹೆಸರೇ ಇದೆ. ವಾಸನೆ ಮಾತ್ರ ಅಂತಾರಾಷ್ಟ್ರೀಯ.)

ಸಂಜೆ ಊಟಕ್ಕೆ ಕೂತಾಗ ಅವನು ಮತ್ತೆ ಸಿಕ್ಕಿಬಿದ್ದ. "ಈ ವಾರ ತಡವಾಗಿ ಬರ್ತೀನಿ. ಡೆಡ್‌ಲೈನೆನ್ ಹತ್ರ ಬಂತು."

"ಡೆಡ್‌ಲೈನ್ ಅಂದೆ!"

"ಡೆಡ್‌ಲೈನೆನ್ ಅಂದೆ. ಕೊನೇಲಿ ನಮ್ಮ ನಾರ್ವೇಜಿಯನ್ 'ಎನ್' ಪ್ರತ್ಯಯ ಹಚ್ಚಿದ್ದು ಕೇಳಿಸಲಿಲ್ವಾ? ತಲೆ ಪರದೇಶಿ ಆದ್ರೇನು, ಬಾಲ ಸ್ವದೇಶಿ!"

"ಬಾಲ ನೋಡಿ ಹಸು ಕೊಳ್ತಾರೇನೋ? ಮೇಯೋದು ತಲೆ ಕಡೆಯಿಂದ."

"ಸಗಣಿ ಬರೋದು ಬಾಲದ ಕಡೆಯಿಂದ. ಅದು ಹೇಗೂ ನನ್ನ ಪಾಲಿಗೇ," ಎಂದು ತೊರ್ಲೈಫ್ ಮಗುವನ್ನು ಎತ್ತಿಕೊಂಡು ಹೋದ.

ಆಮೇಲೆ ಅವನು ಜಾಣನಾದ. ಆಡಿದರೆ ತಾನೇ ತಪ್ಪು? ಚಿಪ್ಸ್ ಬೇಕಾದರೆ ಕೈ ತೋರಿಸಿದ. (ಅದಕ್ಕೆ 'ಆಲೂಗಡ್ಡೆ ಚಿನ್ನ' ಎಂಬ ಭವ್ಯವಾದ ದೇಶೀ ಹೆಸರಿದೆ; ಬಾಯಿಗೆ ಬರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿರುತ್ತದೆ.) ಆಫೀಸಿನ ಸುದ್ದಿ ಕೇಳಿದರೆ ಹುಬ್ಬು ಹಾರಿಸಿದ. ಸುನ್ನಿವಾಳೂ ಅಷ್ಟೇ. ಬಾಯಿಗೆ ಬಂದ ಪದವನ್ನೆಲ್ಲ ನಾಲಿಗೆಯ ತುದಿಯಲ್ಲೇ ನಿಲ್ಲಿಸಿ, ಕುಲಗೋತ್ರ ವಿಚಾರಿಸಿ, ಅನುಮಾನ ಬಂದರೆ ನುಂಗಿಬಿಡುವಳು. ಮನೆಯಲ್ಲಿ ಫ್ರಿಜ್ಜು ಗುರುಗುಟ್ಟುವುದೊಂದೇ ಸದ್ದು. ಇಂಗ್ಲಿಷ್ ಸಂಪೂರ್ಣವಾಗಿ ತೊಲಗಿತೆಂದು ಸುನ್ನಿವಾ ಒಳಗೊಳಗೇ ವಿಜಯೋತ್ಸವ ಆಚರಿಸಿದಳು.

ಅಷ್ಟರಲ್ಲಿ ಶಿಶು ಆರೋಗ್ಯ ಕೇಂದ್ರದ ಸರದಿ ಬಂತು. ನರ್ಸಮ್ಮ ಓಸ್ನೆಯನ್ನು ತೂಗಿದಳು, ಅಳೆದಳು, ಗೊಂಬೆ ತೋರಿಸಿದಳು. ಓಸ್ನೆ ಎಲ್ಲಕ್ಕೂ ಹುಬ್ಬು ಹಾರಿಸಿದಳು.

"ಮನೇಲಿ ಯಾವ ಭಾಷೆ ಮಾತಾಡ್ತೀರಮ್ಮ?"

"ಶುದ್ಧ ನಾರ್ವೇಜಿಯನ್!" ಸುನ್ನಿವಾ ಎದೆಯುಬ್ಬಿಸಿದಳು.

"ಸಂತೋಷ. ಎಷ್ಟು ಮಾತಾಡ್ತೀರಿ?"

ಸುನ್ನಿವಾ ಗಂಡನ ಮುಖ ನೋಡಿದಳು. ಗಂಡ ಹುಬ್ಬು ಹಾರಿಸಿದ. ಅದನ್ನು ನೋಡಿ ಮಗಳೂ ಹಾರಿಸಿದಳು.

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ. ಪಾಪ, ನೀವು ಕಲಿಸಿದ್ದನ್ನ ಕಲಿತಿದಾಳೆ. ಯಾವ ಭಾಷೆ ಅನ್ನೋದು ಆಮೇಲೆ ನೋಡೋಣ. ಮೊದಲು ಮನೇಲಿ ಯಾರಾದ್ರೂ ಮಾತಾಡಿ. ಒಂದೇ ಸಮನೆ ಮಾತಾಡಿ."

ಮನೆಗೆ ಬಂದು ಸುನ್ನಿವಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಓಸ್ನೆ, ನೋಡು, ಇದು ಕಿಟಕಿ," ಎಂದಳು. ಮುಂದೆ ಒಂದು ಮಾತೂ ಹೊಳೆಯಲಿಲ್ಲ. ಗಂಟಲಿನಲ್ಲಿ ಸುಂಕದ ಕಟ್ಟೆ ಕಟ್ಟಿ ಕಟ್ಟಿ ಈಗ ಗಾಡಿಗಳೇ ಬರುವುದನ್ನು ಬಿಟ್ಟಿದ್ದವು. ಅವಳಿಗೆ ಅಳು ಬಂತು. "ನಾನೇ ಮಗೂನ ಮೂಗಿ ಮಾಡ್ಬಿಟ್ಟೆ ಕಣೋ."

"ನಿಲ್ಲಿಸದೆ ಮಾತಾಡೋರು ನಂಗೆ ಒಬ್ಬರು ಗೊತ್ತು," ಎಂದ ತೊರ್ಲೈಫ್ ಮೆಲ್ಲಗೆ.

ಸುನ್ನಿವಾಗೂ ಗೊತ್ತಿತ್ತು. ಸೇತೆಸ್ದಾಲ್ ಕಣಿವೆಯ ಅತ್ತೆ, ಬಿರ್ಗಿತ್. ಆದರೆ ಹೋದ ಕ್ರಿಸ್‌ಮಸ್ಸಿನಲ್ಲಿ ಸುನ್ನಿವಾ ಬಲು ನಯವಾಗಿ, "ಅತ್ತೆ, ಮಗು ಎದುರಿಗೆ ಸ್ವಲ್ಪ ಪುಸ್ತಕದ ಭಾಷೆ ಮಾತಾಡ್ತೀರಾ? ನಿಮ್ಮ ಕಣಿವೆ ಮಾತು ಕೇಳಿ ಗೊಂದಲ ಆಗ್ಬಾರ್ದು," ಎಂದಿದ್ದಳು. ಅತ್ತೆ ಗಂಜಿ ಚಮಚವನ್ನು ಅಲ್ಲೇ ಇಟ್ಟು ಎದ್ದವರು, ಮತ್ತೆ ಫೋನು ಮಾಡಿರಲಿಲ್ಲ. ಸೊಸೆಯೂ ಮಾಡಿರಲಿಲ್ಲ.

"ನೀನೇ ಮಾಡು," ಎಂದಳು ಗಂಡನಿಗೆ.

"ಅಂದೋಳು ನೀನು. ನೀನೇ ಮಾಡಬೇಕು."

ಫೋನನ್ನು ಎತ್ತಿದಳು, ಇಟ್ಟಳು. ತೊಡೆಯ ಮೇಲಿನ ಮಗಳು ಹುಬ್ಬು ಹಾರಿಸಿದಳು. ಅದನ್ನು ಕಂಡದ್ದೇ ತಡ, ಕಣ್ಣು ಮುಚ್ಚಿ ನಂಬರು ಒತ್ತಿದಳು.

"ಅತ್ತೆ, ನಾನು ಸುನ್ನಿವಾ."

"ಯಾವ ಸುನ್ನಿವಾ? ಪುಸ್ತಕದ ಭಾಷಾದಾಕಿ?"

"ತಪ್ಪಾಯ್ತು ಅತ್ತೆ. ಓಸ್ನೆ ಇನ್ನೂ ಮಾತೇ ಆಡ್ತಿಲ್ಲ. ನೀವು ಬಂದು ನಾಲ್ಕು ದಿನ ಇರ್ತೀರಾ?"

"ಬ್ಯಾಡ ಬ್ಯಾಡ! ನಮ್ಮ ಮಾತು ನಿಮಗ್ಯಾಕ? ಕೂಸಿಗೆ ಗೊಂದಲ ಆಕ್ಕತಿ. ಬ್ಯಾಡವಾ, ನಾ ಬರಂಗಿಲ್ಲ. ಬರಬೇಕಂದ್ರೂ ಹ್ಯಾಂಗ ಬರ್ಲಿ, ಕುರಿ ಮರಿ ಹಾಕ್ಯಾವ. ಒಂದು ಮರಿ ಹಾಲು ಬ್ಯಾಡ ಅಂತೈತಿ, ಬಾಟ್ಲಿನೂ ಬ್ಯಾಡ ಅಂತೈತಿ, ಥೇಟ್ ನಿನ್ನ ಗಂಡನ ಹಾಂಗ! ಸಣ್ಣಂವಿದ್ದಾಗ ಅಂವಗೂ ಎಲ್ಲಾ ಬ್ಯಾಡ…"

ಅಣೆಕಟ್ಟು ಒಡೆಯಿತು. ಕುರಿಮರಿಯಿಂದ ಮಾತು ಪಕ್ಕದ ಮನೆಯ ಸೋರುವ ಮಾಡಿಗೆ ಹೋಯಿತು, ಮಾಡಿನಿಂದ ಹೊಸ ಪಾದ್ರಿಯ ಬೋಳುತಲೆಗೆ ಹಾರಿತು. ನಡುನಡುವೆ ಅತ್ತೆ ತಪ್ಪದೆ, "ಬ್ಯಾಡವಾ, ನಾ ಬರಂಗಿಲ್ಲ" ಎನ್ನುತ್ತಿದ್ದರು. ಓಸ್ನೆ ಅಮ್ಮನ ಕೈಯಿಂದ ಫೋನನ್ನು ಕಿತ್ತು, ಎರಡೂ ಕೈಯಿಂದ ಕಿವಿಗೆ ಅವಚಿಕೊಂಡು, ಬಾಯಿ ತೆರೆದು, ಜೊಲ್ಲು ಸುರಿಸುತ್ತ ಕೇಳುತ್ತಿದ್ದಳು.

ಅತ್ತೆ ಉಸಿರು ತೆಗೆದುಕೊಳ್ಳಲು ನಿಂತದ್ದೇ ಸಮಯವೆಂದು ಸುನ್ನಿವಾ ಫೋನಿಗೆ ಕೈ ಹಾಕಿದಳು. "ಕೊಡು ಪುಟ್ಟಿ, ಅಮ್ಮ ಮಾತಾಡ್ಬೇಕು."

ಓಸ್ನೆ ಅವಳ ಕೈಯನ್ನು ತಳ್ಳಿದಳು.

"ಬ್ಯಾಡ!"

ತೊರ್ಲೈಫ್ ಕುರ್ಚಿಯಿಂದ ಜಿಗಿದೆದ್ದ. ಸುನ್ನಿವಾಳ ಕಣ್ಣಲ್ಲಿ ನೀರು. ಇಂಗ್ಲಿಷಲ್ಲ, ಪುಸ್ತಕದ ಭಾಷೆಯೂ ಅಲ್ಲ. ತಲೆಯಿಂದ ಬಾಲದವರೆಗೆ ಅಚ್ಚ ಕಣಿವೆಯ ಮಾತು, ಅದೂ ಹೆತ್ತ ತಾಯಿಯ ಮುಖಕ್ಕೇ.

"ಕೇಳಿದೆ, ಕೇಳಿದೆ!" ಎಂದು ಫೋನಿನೊಳಗಿಂದ ಅತ್ತೆ ಗುಡುಗಿದರು. "ಎಲ್ಲೈತವಾ ಗೊಂದಲ? ನಾಳಿ ಬಸ್ಸಿಗೇ ಬರ್ತೀನಿ. ಅಲ್ಲೀತನಾ ಫೋನು ಕೂಸಿನ ಕೈಯಾಗ ಇರ್ಲಿ. ನೀ ನಡುವ ಬಾಯಿ ಹಾಕಬ್ಯಾಡ!"

ಸುನ್ನಿವಾ ಚಾರ್ಜರು ತಂದು ಫೋನಿಗೆ ಸಿಕ್ಕಿಸಿದಳು.