ಮೂರನೆಯ ಜಿಗ್

ಎಲ್ಲಕ್ಕೂ ಮೂಲ ಹನ್ನೊಂದು ವರ್ಷದ ಹಿಂದೆ ಗೋಡೆಯಿಂದ ಕಳಚಿಬಿದ್ದ ಒಂದು ಶೆಲ್ಫು. ಅದನ್ನು ಗೋಡೆಗೆ ಹೊಡೆದವನು ಅಳಿಯ. ಅದು ಬಿದ್ದದ್ದು ಮಾವನವರ ಕಾಲಿನ ಮೇಲೆ, ಅವರು ಆಗಷ್ಟೇ ಅದರ ಮೇಲಿಟ್ಟಿದ್ದ ಬಿಸಿ ಕಾಫಿಯ ಸಮೇತ. ಮಾವನವರು ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಕಾಲು ಸುಟ್ಟದ್ದಕ್ಕಿಂತ ಮೊಳೆ ಹೊಡೆದ ರೀತಿ ನೋಡಿಯೇ ಅವರಿಗೆ ಹೆಚ್ಚು ನೋವಾಯಿತು. ಒಂದು ಮಾತೂ ಆಡಲಿಲ್ಲ. ಆದರೆ ಅವತ್ತಿನಿಂದ ಮಗಳ ಮನೆಗೆ ಬಂದಾಗಲೆಲ್ಲ ಕಾಫಿ ಲೋಟವನ್ನು ನೆಲದ ಮೇಲೇ ಇಡುತ್ತಾರೆ. ಪಕ್ಕದಲ್ಲಿರುವ ಟೀಪಾಯಿ ಅಂಗಡಿಯಿಂದ ತಂದದ್ದು, ಗಂಡ ಅದನ್ನು ಮುಟ್ಟಿಯೂ ಇಲ್ಲ ಎಂದು ಮಗಳು ಆಣೆ ಮಾಡಿ ಹೇಳಿದರೂ ಅಷ್ಟೇ.

ಅಳಿಯ ಗ್ರಂಥಾಲಯದಲ್ಲಿ ಗುಮಾಸ್ತ. ಯಾರು ಏನೇ ಕೇಳಲಿ, "ನೋಡೋಣ" ಎನ್ನುವುದು ಅವನ ಉತ್ತರ. ಊಟಕ್ಕೆ ಏಳ್ತೀರಾ ಎಂದು ಹೆಂಡತಿ ಕೇಳಿದರೂ ನೋಡೋಣ. ಹೀಗಾಗಿ ಓಣಿಯವರೆಲ್ಲ ಅವನಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಿದ್ದರು. ಅಂಥ ನೋಡೋಣಪ್ಪ ಈ ಸಲ ಒಂದು ಶಪಥ ಮಾಡಿಬಿಟ್ಟಿದ್ದ. ಮಾವನವರಿಗೆ ಎಪ್ಪತ್ತು ತುಂಬುವ ಭಾನುವಾರ, ಅವರ ಉಳಿಗಳನ್ನೆಲ್ಲ ಇಡಲು ಒಂದೇ ಒಂದು ಮೊಳೆಯಿಲ್ಲದ ಮರದ ಪೆಟ್ಟಿಗೆ ಮಾಡಿಕೊಡಬೇಕು. ಹಲಗೆಯ ಅಂಚಿಗೆ ಹಲ್ಲು, ಹಲ್ಲಿನ ನಡುವೆ ಹಲ್ಲು, ಎರಡು ಕೈಯ ಬೆರಳು ಹೆಣೆದ ಹಾಗೆ ಮೂಲೆಗಳು ಕೂರಬೇಕು. ಆ ಪೆಟ್ಟಿಗೆಯ ಮೇಲೆ ಮಾವನವರು ಕಾಫಿ ಲೋಟ ಇಡಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಇಂಥ ಹಲ್ಲು ಕೊರೆಯಲು ಬರಿಗೈ ಸಾಲದು. ಗರಗಸದ ಮೇಜಿನ ಮೇಲೆ ಹಲಗೆಯನ್ನು ನೆಟ್ಟಗೆ ಹಿಡಿದು, ಪ್ರತಿ ಸಲವೂ ಅದೇ ಅಳತೆಗೆ ಸರಿಸಿಕೊಡುವ ಒಂದು ಜಿಗ್ ಬೇಕು. ಜಿಗ್ ಆರಿಸಲು ನೋಡೋಣಪ್ಪ ಎಂಟು ದಿನ ಸಲಕರಣೆಯ ಅಂಗಡಿಗೆ ಎಡತಾಕಿದ. ಒಂಬತ್ತನೆಯ ದಿನ, ಶನಿವಾರ ಸಂಜೆ, ಅಂಗಡಿಯವನೇ ಸೋತು ಎರಡು ಜಿಗ್‌ಗಳನ್ನು ಚೀಲಕ್ಕೆ ತುಂಬಿದ.

"ಎರಡೂ ತಗೊಂಡ್ಹೋಗಿ ಸಾರ್. ಪರೀಕ್ಷೆ ಮಾಡಿ. ಬೇಡದ್ದನ್ನ ಸೋಮವಾರ ತಂದ್ಕೊಡಿ. ನಾಳೆ ಅಂಗಡಿ ರಜ, ನಂಗೂ ಸ್ವಲ್ಪ ಉಸಿರಾಡೋಕೆ ಆಗತ್ತೆ."

ಆಮೇಲೆ ಏನನ್ನೋ ನೆನೆಸಿಕೊಂಡವನಂತೆ ಒಳಗೆ ಹೋಗಿ ಮೂರನೆಯದೊಂದನ್ನು ತಂದ. ಒಂದೂವರೆ ಅಡಿ ಉದ್ದದ ಹಳೆಯ ಹಲಗೆ. ಕೆಳಗಂಚಿನಲ್ಲಿ ಒಂದು ಕಚ್ಚು, ಕಚ್ಚಿನ ಪಕ್ಕ ಕಿರುಬೆರಳಿನಷ್ಟು ಒಂದು ಗೂಟ. ಯಾವ ಮರವೆಂದು ತಿಳಿಯದಷ್ಟು ಜಿಡ್ಡು.

"ಇದೂ ಜಿಗ್ಗೇನಾ?" ಎಂದ ನೋಡೋಣಪ್ಪ.

"ಜಿಗ್ಗೇ. ಇದನ್ನ ವಾಪಸ್ ತರೋದು ಬೇಡ, ನಿಮ್ಮ ಹತ್ರಾನೇ ಇರ್ಲಿ. ಚೆನ್ನಾಗಿ ನೋಡ್ಕೊಳ್ಳಿ."

ಭಾನುವಾರ ಬೆಳಗ್ಗೆ ಹಿಂದಿನ ಕೋಣೆಯಲ್ಲಿ ಗರಗಸ ಕೂಗಿದ್ದೇ ತಡ, ಮೂಗು ತೂರಿಸುವವರು ಹಾಜರಾದರು. ಮೊದಲು ಇಳಿದು ಬಂದವರು ಮಹಡಿ ಮನೆಯ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾದರೂ ಅವರ ಜೇಬಿನಲ್ಲಿ ರಬ್ಬರು ಇದ್ದೇ ಇರುತ್ತದೆ. ಅವರ ಬೆನ್ನಿಗೇ ಎದುರು ಮನೆಯ ಹಲ್ಲಿನ ಡಾಕ್ಟರು, ಬನಿಯನ್ನಿನಲ್ಲೇ.

ಮೊದಲನೆಯ ಜಿಗ್ ಅಲ್ಯೂಮಿನಿಯಮ್ಮಿನದು. ಫಳಫಳ ಹೊಳೆಯುತ್ತಿತ್ತು. ಒಂದೇ ಅಳತೆ, ಅಲುಗಾಡುವಂತಿಲ್ಲ. ಎರಡನೆಯದಕ್ಕೆ ತಿರುಪು, ಚಕ್ರ, ಜೊತೆಗೆ ಅರವತ್ತು ಪುಟದ ಪುಸ್ತಕ. ಹಲ್ಲನ್ನು ಕೂದಲೆಳೆಯಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದರು ಡಾಕ್ಟರು, ಅಲ್ಯೂಮಿನಿಯಮ್ಮಿನದನ್ನು ತಟ್ಟಿ. "ಹಲ್ಲು ಕೂರಿಸೋದ್ರಲ್ಲಿ ನಂಗೆ ಇಪ್ಪತ್ತೆರಡು ವರ್ಷದ ಅನುಭವ. ಅಲ್ಲಾಡೋ ಸಾಧನದಲ್ಲಿ ಕೂರಿಸಿದ ಹಲ್ಲು ಅಲ್ಲಾಡ್ತಾನೇ ಇರತ್ತೆ."

"ಬಾಯಿ ಬೇರೆ, ಮರ ಬೇರೆ ಡಾಕ್ಟ್ರೇ," ಎಂದರು ಮೇಷ್ಟ್ರು. "ತಪ್ಪು ಮಾಡದ ಮನುಷ್ಯ ಇಲ್ಲ. ತಿದ್ದೋಕೆ ಅವಕಾಶ ಇರ್ಬೇಕು. ತಿರುಪಿಂದೇ ಸರಿ. ಏನಂತೀರಿ ಸಾರ್?"

"ನೋಡೋಣ," ಎಂದ ನೋಡೋಣಪ್ಪ.

ಮೂರನೆಯ ಜಿಗ್ಗನ್ನು ಇಬ್ಬರೂ ತಿರುಗಿಸಿ ನೋಡಿ ನಕ್ಕರು. ಇಷ್ಟರಲ್ಲಿ ಗಾಳಿಗೆ ಬಾಗಿಲು ದಢಾರನೆ ಬಡಿಯಿತು. ಡಾಕ್ಟರು ಆ ಜಿಗ್ಗನ್ನು ಬಾಗಿಲಿಗೆ ಒತ್ತಾಗಿ ಇಟ್ಟರು. ಅದಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

ಪರೀಕ್ಷೆಗೆ ಮರ ಬೇಕಲ್ಲ. ಪೆಟ್ಟಿಗೆಯ ನಾಲ್ಕು ಪಕ್ಕೆ, ಒಂದು ತಳ, ಒಂದು ಮುಚ್ಚಳ, ಇಷ್ಟಕ್ಕೇ ನೋಡೋಣಪ್ಪ ಹಲಗೆ ತಂದಿದ್ದ.

"ಮುಚ್ಚಳ ಬೇಕಾಗೋದು ಕಟ್ಟಕಡೇಲಿ," ಎಂದರು ಮೇಷ್ಟ್ರು. "ಅದರ ಅಂಚಿಂದ ಒಂದು ಚೂರು ತಗೊಳ್ಳಿ. ಏನೂ ಆಗಲ್ಲ."

ಒಂದು ಚೂರು ಹೋಯಿತು. ಅಲ್ಯೂಮಿನಿಯಮ್ಮಿನ ಜಿಗ್ಗಿನಲ್ಲಿ ಕೊರೆದ ಹಲ್ಲುಗಳನ್ನು ಜೋಡಿಸಲು ಹೋದರೆ ಹಲ್ಲಿಗೆ ಹಲ್ಲೇ ಎದುರಾಗಿ ನಿಂತಿತು. ಎರಡೂ ತುಂಡುಗಳನ್ನು ಒಂದೇ ಅಂಚಿನಿಂದ ಶುರುಮಾಡಿದ್ದ ಪುಣ್ಯಾತ್ಮ. ಒಂದು ಹಲ್ಲಿನಿಂದ ಶುರುವಾದರೆ ಇನ್ನೊಂದು ಸಂದಿನಿಂದ ಶುರುವಾಗಬೇಕಿತ್ತು.

"ಇಂಥ ಹಲ್ಲನ್ನೇ ಬಾಯಲ್ಲಿ ಇಟ್ಕೊಂಡು ಜನ ನನ್ನ ಹತ್ರ ಬರ್ತಾರೆ," ಎಂದು ಡಾಕ್ಟರು ಕನಿಕರದಿಂದ ತಲೆಯಾಡಿಸಿದರು.

ಇನ್ನೊಂದು ಚೂರು ಹೋಯಿತು. ತಿರುಪಿನ ಜಿಗ್ಗಿನ ಹಲ್ಲು ಎಷ್ಟು ಬಿಗಿಯಾಯಿತೆಂದರೆ ಕೊಡತಿಯಿಂದ ಬಡಿದರೂ ಕೂರಲಿಲ್ಲ. ಮೇಷ್ಟ್ರು ಅರ್ಧ ಸುತ್ತು ತಿರುಗಿಸಿದರು. ಈಗ ಎಷ್ಟು ಸಡಿಲವಾಯಿತೆಂದರೆ ಕೈಬಿಟ್ಟ ಕೂಡಲೇ ತುಂಡು ಜಾರಿ ಬಿತ್ತು. ಕಾಲು ಸುತ್ತು ಹಿಂದಕ್ಕೆ. ಪುಸ್ತಕದ ನಲವತ್ತೊಂದನೆಯ ಪುಟ. ಇನ್ನೊಂದು ಚೂರು. ಡಾಕ್ಟರಿಗೆ ತಮ್ಮ ಜಿಗ್ಗಿನ ಮಾನ ಹೋಯಿತೆನ್ನಿಸಿ ಅದಕ್ಕೊಂದು ಚೂರು. ಮೇಷ್ಟ್ರಿಗೆ ಅನ್ಯಾಯವಾಗಬಾರದೆಂದು ಇದಕ್ಕೊಂದು.

ಹೆಂಡತಿ ಎರಡು ಸಲ ಊಟಕ್ಕೆ ಕರೆದಳು. ಮೂರನೆಯ ಸಲ ಒಳಗೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಮೂರು ಗಂಟೆ. ಅಪ್ಪ ಆರಕ್ಕೆ ಬರ್ತಾರೆ. ಬೆಳಗ್ಗೆಯಿಂದ ಏನು ಮಾಡಿದೀರಿ, ತೋರಿಸಿ."

ತೋರಿಸಲು ಮರದ ಹೊಟ್ಟಿತ್ತು.

ಆಗ ನೋಡೋಣಪ್ಪನಿಗೆ ಅದೆಲ್ಲಿಂದ ಧೈರ್ಯ ಬಂತೋ. "ಅಲ್ಯೂಮಿನಿಯಮ್ಮಿಂದೇ," ಎಂದುಬಿಟ್ಟ. ಡಾಕ್ಟರು ಮೀಸೆ ತಿರುವಿದರು. ಮೇಷ್ಟ್ರು ಪುಸ್ತಕ ಮುಚ್ಚಿದರು. ಈ ಸಲ ಒಂದು ಹಲಗೆಯನ್ನು ಹಲ್ಲಿನಿಂದ, ಅದರ ಜೋಡಿಯನ್ನು ಸಂದಿನಿಂದ ಶುರುಮಾಡಿದ. ಗರಗಸ ಹಾಡಿತು. ಕೊಡತಿಯ ಎರಡೇ ಏಟಿಗೆ ಮೊದಲ ಮೂಲೆ ಟಕ್ ಎಂದು ಕೂತಿತು, ಸಂದಿನಲ್ಲಿ ಕಾಗದವೂ ನುಸುಳದ ಹಾಗೆ. ಎರಡನೆಯದು ಕೂತಿತು, ಮೂರನೆಯದು ಕೂತಿತು. ನಾಲ್ಕನೆಯದು ಕೂತಾಗ ನೋಡೋಣಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಟು ಹಚ್ಚಿ, ತಳ ಕೂರಿಸಿ, ಪೆಟ್ಟಿಗೆಯನ್ನು ಎತ್ತಿ ಹಿಡಿದು ಕೋಣೆಯೆಲ್ಲ ಒಂದು ಸುತ್ತು ಬಂದ. ಹನ್ನೊಂದು ವರ್ಷದಲ್ಲಿ ಅವನು ಅಷ್ಟು ಸಂತೋಷಪಟ್ಟದ್ದೇ ಇರಲಿಲ್ಲ. ಡಾಕ್ಟರು ಅವನ ಬೆನ್ನು ತಟ್ಟಿದರು, ಮೇಷ್ಟ್ರು ಡಾಕ್ಟರ ಬೆನ್ನು ತಟ್ಟಿದರು.

"ಮುಚ್ಚಳ?" ಎಂದಳು ಹೆಂಡತಿ.

ಮೂವರೂ ಮುಚ್ಚಳದ ಹಲಗೆಯತ್ತ ನೋಡಿದರು. ಅದರಲ್ಲಿ ಉಳಿದದ್ದು ಬೆಂಕಿಪೊಟ್ಟಣಕ್ಕೆ ಮುಚ್ಚಳವಾಗುವಷ್ಟು.

ಗಂಟೆ ಐದು. ಅಂಗಡಿಗೆ ರಜ. ಮೇಷ್ಟ್ರು ತಮ್ಮ ಡ್ರಾಯಿಂಗ್ ಬೋರ್ಡಿನ ಮಾತೆತ್ತಿ, ಕೂಡಲೇ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಗಾಳಿ ಬೀಸಿ ಬಾಗಿಲು ಸ್ವಲ್ಪ ಕಿರುಗುಟ್ಟಿತು. ನೋಡೋಣಪ್ಪ ಆ ಕಡೆ ತಿರುಗಿದ. ಬಾಗಿಲ ಬುಡದಲ್ಲಿ ಒಂದೂವರೆ ಅಡಿಯ ಗಟ್ಟಿ ಹಲಗೆ ಬಿದ್ದಿತ್ತು.

ಒಂದೇ ದಿನದಲ್ಲಿ ಎರಡನೆಯ ಬಾರಿಗೆ ಅವನು ನೋಡೋಣ ಎನ್ನಲಿಲ್ಲ. ಗೂಟ ಕಿತ್ತೆಸೆದ. ಕಚ್ಚು ಇದ್ದ ಅಂಚನ್ನು ಗರಗಸಕ್ಕೆ ಕೊಟ್ಟ. ಮೇಲ್ಮೈಯನ್ನು ಕೀಸಿ, ತಿಕ್ಕಿ, ಎಣ್ಣೆ ಹಚ್ಚಿದ. ಜಿಡ್ಡಿನ ಕೆಳಗಿಂದ ಜೇನಿನ ಬಣ್ಣದ ಮರ, ನೀರಿನ ಅಲೆಯಂಥ ಗೆರೆಗಳು ಎದ್ದು ಬಂದವು. ಕೆಳಮೈ ಉಜ್ಜಲು ಹೊತ್ತಿರಲಿಲ್ಲ. ಅದು ಹೇಗೂ ಒಳಗಡೆ ಇರುವಂಥದ್ದು. ಮುಚ್ಚಳ ಇಟ್ಟರೆ ಪೆಟ್ಟಿಗೆಗೆ ಕಿರೀಟ ಇಟ್ಟಂತಾಯಿತು.

"ಪೆಟ್ಟಿಗೆಗಿಂತ ಮುಚ್ಚಳಾನೇ ಚೆಂದ," ಎಂದರು ಡಾಕ್ಟರು. "ಬಾಗಿಲಿಗೆ ಒತ್ತಿಟ್ಟಾಗ್ಲೇ ನಂಗೆ ಅನ್ನಿಸಿತ್ತು."

ಆರಕ್ಕೆ ಸರಿಯಾಗಿ ಮಾವನವರು ಬಂದರು. ವಿಚಿತ್ರವೆಂದರೆ, ಅವರ ಕಂಕುಳಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿದ ಉಳಿಗಳ ಗಂಟೂ ಇತ್ತು. ಕುರ್ಚಿಯಲ್ಲಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಒಂದೊಂದು ಮೂಲೆಯ ಮೇಲೂ ಹೆಬ್ಬೆರಳು ಎಳೆದರು. ಉಳಿದ ನಾಲ್ವರ ಕಣ್ಣೂ ಆ ಹೆಬ್ಬೆರಳಿನ ಹಿಂದೆಯೇ ಹೋಯಿತು.

"ಚೆನ್ನಾಗಿದೆ ಅಳಿಯಂದಿರೇ," ಎಂದರು.

ನೋಡೋಣಪ್ಪನ ಕಣ್ಣು ತುಂಬಿತು. ಡಾಕ್ಟರು "ಜಿಗ್ ಆರಿಸಿದ್ದು ನಾನು" ಎಂದರು. ಮೇಷ್ಟ್ರು "ಅಳತೆ ನಂದು" ಎಂದರು. ಮಾವನವರು ಗಂಟು ಬಿಚ್ಚಿ ಉಳಿಗಳನ್ನು ಒಂದೊಂದಾಗಿ ಒಳಗೆ ಮಲಗಿಸಿದರು, ಮುಚ್ಚಳ ಮುಚ್ಚಿದರು, ಪೆಟ್ಟಿಗೆಯನ್ನು ಟೀಪಾಯಿಯ ಮೇಲಿಟ್ಟರು. ಮಗಳು ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು, ಲೋಟವನ್ನು, ಯಾವ ಅನುಮಾನವೂ ಇಲ್ಲದೆ, ಪೆಟ್ಟಿಗೆಯ ಮೇಲಿಟ್ಟರು.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದ ಭಾರ ಇಳಿದುಹೋಗಿತ್ತು.

"ಪೆಟ್ಟಿಗೆ ಇರ್ಲಿ, ನಾನು ಬಂದಿದ್ದು ಇನ್ನೊಂದು ವಿಷಯಕ್ಕೆ," ಎಂದರು ಮಾವನವರು. "ನೀವು ಎಂಟು ದಿನದಿಂದ ಜಿಗ್ಗಿಗೆ ಅಲೆದಾಡ್ತಿದೀರಿ ಅಂತ ಮಗಳು ಫೋನಲ್ಲಿ ಹೇಳಿದ್ಲು. ಆ ಅಂಗಡಿಯವನು ನಂಗೆ ಹಳೇ ಪರಿಚಯ. ಕೆಲಸ ಕಲಿಸಿದ ಗುರುಗಳು ನಂಗೆ ಮಾಡಿಕೊಟ್ಟಿದ್ದ ಜಿಗ್ ಒಂದಿತ್ತು. ನಲವತ್ತು ವರ್ಷ ಅದರಲ್ಲೇ ಕೆಲಸ ಮಾಡ್ದೆ. ನಾನೇ ಕೊಟ್ರೆ ನಿಮಗೆ ಮುಜುಗರ ಆಗ್ಬಹುದು ಅಂತ ಅವನ ಕೈಲಿ ಕೊಡಿಸ್ದೆ. ನಂಗೆ ಗಂಡುಮಕ್ಕಳಿಲ್ಲ. ನಿಮಗಲ್ಲದೆ ಇನ್ಯಾರಿಗೆ ಕೊಡ್ಲಿ? ಈ ಮೂಲೆ ನೋಡಿದ್ಮೇಲೆ, ಕೊಟ್ಟಿದ್ದು ಸರಿಯಾಯ್ತು ಅನ್ನಿಸ್ತು. ಎಲ್ಲಿ, ತನ್ನಿ ಅದನ್ನ. ಹಿಡಿಯೋ ಕ್ರಮ ಹೇಳ್ಕೊಡ್ತೀನಿ. ಅದಕ್ಕೇ ಉಳಿಗಳನ್ನೂ ತಂದಿದೀನಿ."

ಡಾಕ್ಟರಿಗೆ ಯಾವುದೋ ರೋಗಿಯ ನೆನಪಾಯಿತು. ಮೇಷ್ಟ್ರು ಮಹಡಿಯಲ್ಲಿ ನಲ್ಲಿ ಬಿಟ್ಟು ಬಂದದ್ದಾಗಿ ಹೇಳಿ ಅವರ ಹಿಂದೆಯೇ ನಡೆದರು. ಒತ್ತು ಕೊಡಲು ಏನೂ ಇಲ್ಲದ ಬಾಗಿಲು ಅವರ ಬೆನ್ನಿಗೆ ದಢಾರನೆ ಬಡಿದುಕೊಂಡಿತು.

"ಅದು... ನೋಡೋಣ ಮಾವ," ಎಂದ ನೋಡೋಣಪ್ಪ.

ಮಾವನವರು ಪೆಟ್ಟಿಗೆಯ ಕಡೆ ಬಗ್ಗಿದ್ದರು. ಅವರ ದೃಷ್ಟಿ ಲೋಟದ ಕೆಳಗಿದ್ದ ಮರದ ಗೆರೆಗಳ ಮೇಲೆ ನಿಂತಿತ್ತು. ನಿಧಾನವಾಗಿ ಲೋಟ ಎತ್ತಿ ಮಗಳ ಕೈಗೆ ಕೊಟ್ಟರು. ಮುಚ್ಚಳವನ್ನು ತೆಗೆದು ಮಗುಚಿದರು. ಉಜ್ಜದೆ ಬಿಟ್ಟಿದ್ದ ಕೆಳಮೈಯಲ್ಲಿ, ಜಿಡ್ಡಿನ ನಡುವೆ, ಕಾದ ಕಬ್ಬಿಣದಿಂದ ಸುಟ್ಟು ಮಾಡಿದ ಮೂರು ಚುಕ್ಕೆಗಳಿದ್ದವು. ಅವರ ಪ್ರತಿಯೊಂದು ಉಳಿಯ ಹಿಡಿಯ ಮೇಲೂ ಅವೇ ಮೂರು ಚುಕ್ಕೆಗಳಿದ್ದವು.

"ನೀವು ನೋಡೋದೇನೂ ಬೇಡ ಅಳಿಯಂದಿರೇ," ಎಂದರು. "ನಾನೇ ನೋಡ್ತಾ ಇದೀನಿ."

ಆಮೇಲೆ ಅವರು ಉಳಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮತ್ತೆ ಬಟ್ಟೆಗೆ ಸುತ್ತಿದರು.

"ಹೊಸ ಜಿಗ್ ಮಾಡ್ಲೇಬೇಕು. ನಾನೇ ಕೂತು ಮಾಡಿಸ್ತೀನಿ, ಎಷ್ಟು ಭಾನುವಾರ ಆದ್ರೂ ಸರಿ. ಅದಕ್ಕೆ ಒಳ್ಳೇ ಹಲಗೆ ಬೇಕು." ಪೆಟ್ಟಿಗೆಯ ಮೂಲೆಯನ್ನು ಮತ್ತೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಅಂಟು ಇನ್ನೂ ಹಸಿ ಇದೆ. ಕೊಡತಿ ತನ್ನಿ, ಬಿಚ್ಚೋಣ."

ನೋಡೋಣಪ್ಪ ಕೊಡತಿ ತರಲು ಎದ್ದ. ಮಾವನವರು ಮಗಳ ಕೈಯಿಂದ ಕಾಫಿ ಲೋಟವನ್ನು ತೆಗೆದುಕೊಂಡು, ಬಗ್ಗಿ, ನೆಲದ ಮೇಲಿಟ್ಟರು.